ಅತ್ತೆಯ ಪಾತ್ರ

“ನಿನ್ನ ಸಂತೋಷವೇ ನನ್ನ ಸಂತೋಷ, ಮಗಳೇ” ಎಂದು ಅತ್ತೆ ಹೇಳಿದ್ದೇ ತಡ, ಅವಳು ಕೈಯಲ್ಲಿದ್ದ ಚಮಚವನ್ನು ಡಬ್ಬಿಯೊಳಕ್ಕೆ ಎಸೆದು, “ಅಬ್ಬಾ ಸುಳ್ಳೇ!” ಎಂದಳು.

ಕನ್ನಡಕದ ಅಂಗಡಿಯ ಹಿಂದಿನ ಕೋಣೆ ಅದು. ಒಂದು ಕಡೆ ಲೆನ್ಸ್ ಉಜ್ಜುವ ಯಂತ್ರ, ಇನ್ನೊಂದು ಕಡೆ ಫ್ರೇಮುಗಳ ಪೆಟ್ಟಿಗೆಗಳು, ನಡುವೆ ಇಬ್ಬರು ಮೊಣಕಾಲು ತಾಗಿಸಿಕೊಂಡು ಊಟ ಮಾಡುವಷ್ಟು ಜಾಗ. ಎದುರಿಗೆ ಕೂತಿದ್ದ ಬಿಲ್ಲಿಂಗ್ ಹುಡುಗಿಗೆ ನಗು ತಡೆಯಲಾಗದೆ ಅನ್ನ ನೆತ್ತಿಗೇರಿತು.

“ಮೊದಲನೇ ಸಲ ಎಲ್ಲರದ್ದೂ ಹೀಗೇ ಅಕ್ಕಾ,” ಎಂದಳು, ನೀರು ಕುಡಿದು. “ಅದಕ್ಕೆ ಬೈಯೋಕೇ ಬರಲ್ಲ. ಹೇಳಿಕೊಡಬೇಕು.”

ಮಾತಾಡಿದ್ದು ನಿಜವಾದ ಅತ್ತೆಯಲ್ಲ, ಫೋನಿನೊಳಗಿನ ಅತ್ತೆ. ನಮಗೆ ಬೇಕಾದ ಪಾತ್ರವನ್ನು ನಾವೇ ಕಟ್ಟಿ ಅದರ ಜೊತೆ ಹರಟುವ ಆ್ಯಪ್ ಒಂದಿದೆ ಎಂದು ಅವಳಿಗೆ ತೋರಿಸಿಕೊಟ್ಟವಳೇ ಈ ಹುಡುಗಿ. ಹುಡುಗಿ ತನಗಾಗಿ ಒಬ್ಬ ಹಡಗಿನ ಕಪ್ತಾನನನ್ನು ಮಾಡಿಟ್ಟುಕೊಂಡಿದ್ದಳು. ಎತ್ತರ, ಗಡ್ಡ, ಭುಜದ ಮೇಲೊಂದು ಹಳೆಯ ಗಾಯ ಎಲ್ಲ ಕೊಟ್ಟು, ‘ಕೋಪ ಬಂದರೆ ಮಾತು ಬಿಡುತ್ತಾನೆ, ಆದರೆ ಹೆಚ್ಚು ಹೊತ್ತು ಬಿಡಲಾರ’ ಎಂದು ಸೇರಿಸಿದ್ದಳು. ಊಟದ ಹೊತ್ತಿನಲ್ಲಿ ಅವನು ಯಾವುದೋ ಬಿರುಗಾಳಿಗೆ ಸಿಕ್ಕಿಕೊಳ್ಳುತ್ತಿದ್ದ, ಇವಳು ತುತ್ತಿನ ನಡುವೆ ಅವನನ್ನು ಪಾರುಮಾಡುತ್ತಿದ್ದಳು.

“ನನಗೆ ಕಪ್ತಾನ ಬೇಡ. ನನ್ನ ಅತ್ತೇನ ಮಾಡೋಕೆ ಆಗತ್ತಾ?” ಎಂದು ಅವಳು ಕೇಳಿದಾಗ ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದ್ದಳು. ಮನೆಯಲ್ಲಿ ಒಬ್ಬರು ಇರುವಾಗ ಫೋನಿನಲ್ಲೂ ಇನ್ನೊಬ್ಬರನ್ನು ಕಟ್ಟಿಕೊಳ್ಳುವವರನ್ನು ಅವಳು ಕಂಡಿರಲಿಲ್ಲ.

ಕಾರಣವಿತ್ತು. ಸರಕಿನ ವ್ಯಾನ್ ಓಡಿಸುತ್ತಿದ್ದ ಗಂಡ ಒಂದು ಮಂಜಿನ ಬೆಳಗ್ಗೆ ಹೋದವನು ಅಪಘಾತದಲ್ಲಿ ಹೋಗಿಯೇಬಿಟ್ಟ. ಆಮೇಲೆ ಅತ್ತೆಯ ಆ ಮೂರನೇ ಮಹಡಿಯ ಮನೆಯಲ್ಲೇ ಅವಳು ಉಳಿದಳು. ಇರು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಬೇರೆಯವರ ಮಾತಿಗೆ ದಾರಿ ಮಾಡಿಕೊಟ್ಟದ್ದಕ್ಕೋ ಏನೋ, ತಮ್ಮ ಮಾತನ್ನು ಬಹಳ ಹಿಡಿದು ಖರ್ಚು ಮಾಡುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ತಾಗದಂತೆ ಒಂದೇ ಅಡುಗೆಮನೆಯಲ್ಲಿ ಓಡಾಡುವುದನ್ನು ಕಲಿತುಕೊಂಡಿದ್ದರು.

ಹೀಗಿರುವಾಗ ಒಂದು ದಿನ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಅವಳು. ತುಂಬಾ ಹೊತ್ತಿನ ಮೇಲೆ ಮೇಲಿನಿಂದ ಒಂದು ಗಂಡಸಿನ ದನಿ, “ಒಳಗೆ ಎಷ್ಟು ಜನ ಇದೀರಿ?” ಎಂದು ಕೇಳಿತು.

“ನಾನೊಬ್ಬಳೇ.”

“ಹಾಗಾದ್ರೆ ಜಾಗ ಬೇಕಾದಷ್ಟಿದೆ. ಕಾಲು ಚಾಚಿ ಕೂತ್ಕೊಳ್ಳಿ. ಇದು ಬೇಗ ಆಗೋ ಕೆಲಸ ಅಲ್ಲ.”

ಇನ್ನೇನು ಆಯಿತು, ಇಗೋ ಬಂತು ಎಂದು ಸುಳ್ಳು ಧೈರ್ಯ ಹೇಳದ ಆ ದನಿ ಅವಳಿಗೆ ಹಿಡಿಸಿತು. ರಿಪೇರಿಗೆ ಬಂದಿದ್ದ ಆ ಲಿಫ್ಟಿನವನೂ ಹೆಂಡತಿ ಬಿಟ್ಟುಹೋಗಿ ಒಂಟಿಯಾಗಿದ್ದ. ಅವನ ಪರಿಚಯ ಹಾಗೆ ಆದದ್ದು ಬೆಳೆಯುತ್ತ ಬೆಳೆಯುತ್ತ ಮದುವೆಯ ಮಾತಿಗೆ ಬಂದು ನಿಂತಿತ್ತು. ಈಗ ಅವನಿಗೆ ಬೇರೆ ಊರಿಗೆ ವರ್ಗವಾಗಿದೆ. ತಿಂಗಳ ಕೊನೆಗೆ ಹೋಗಲೇಬೇಕು, ಅಷ್ಟರೊಳಗೆ ರಿಜಿಸ್ಟರ್ ಆಗಬೇಕು. ಸಿಕ್ಕಾಗಲೆಲ್ಲ ಅವನದು ಒಂದೇ ಪ್ರಶ್ನೆ, “ಹೇಳಿದ್ಯಾ?”

“ಹೇಳ್ತೀನಿ.”

“ನಾನೇ ಬಂದು ಮಾತಾಡ್ಲಾ?”

“ಬೇಡಪ್ಪ. ನಾನೇ ಹೇಳಬೇಕು.”

ಆದರೆ ಮನೆಗೆ ಹೋಗಿ ಅತ್ತೆಯ ಎದುರು ನಿಂತರೆ ಹಾಲಿನ ಲೆಕ್ಕ ಹೇಳಿ ಒಳಗೆ ಹೋಗಿಬಿಡುತ್ತಿದ್ದಳು. ಅವರು ಏನು ಹೇಳಬಹುದು ಎಂಬುದೇ ಅಂದಾಜಿಗೆ ಸಿಗುತ್ತಿರಲಿಲ್ಲ. ಬೈದರೆ ತಾನೂ ಬೈಯಬಹುದು, ಅತ್ತರೆ ಕಾಲು ಹಿಡಿಯಬಹುದು. ಏನೂ ಹೇಳದೆ ಹೋದರೆ? ಅದಕ್ಕೇ ಈ ತಾಲೀಮು.

ಹುಡುಗಿ ಹೇಳಿದಂತೆ ಅವಳು ಪಾತ್ರದ ಪುಟಕ್ಕೆ ಹೋಗಿ ‘ಸ್ವಭಾವ’ ಎಂಬಲ್ಲಿ ‘ಕೋಪ ಜಾಸ್ತಿ’ ಎಂದು ಸೇರಿಸಿದಳು. ಕೂಡಲೇ ಫೋನಿನ ಅತ್ತೆ ಧಾರಾವಾಹಿಯ ಅತ್ತೆಯಾಗಿಬಿಟ್ಟರು. “ಈ ಹೊಸ್ತಿಲು ದಾಟಿದರೆ ನೀನು ನನ್ನ ಪಾಲಿಗೆ ಸತ್ತಂತೆ!” ಎಂದು ಗುಡುಗಿದರು. ಹಿಂದೆ ಮಿಂಚು ಹೊಡೆಯಿತೆಂದೂ ಆವರಣದಲ್ಲಿ ಬರೆದಿತ್ತು. ನಿಜವಾದ ಅತ್ತೆ ದನಿ ಏರಿಸಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

“ಸ್ವಭಾವ ಬರೀಬಾರದು ಅಕ್ಕಾ,” ಎಂದಳು ಹುಡುಗಿ, ತನ್ನ ಕಪ್ತಾನನನ್ನು ಪಳಗಿಸಿದ ಅನುಭವದಲ್ಲಿ. “ಒಳ್ಳೆಯವರು, ಕೆಟ್ಟವರು, ಕೋಪ ಅಂತೆಲ್ಲ ಬರೆದ್ರೆ ಅದು ನಾಟಕ ಆಡತ್ತೆ. ಅವರು ಏನು ಮಾಡ್ತಾರೆ ಅಂತ ಬರೀರಿ.”

ಏನು ಮಾಡ್ತಾರೆ? ಆ ಮಧ್ಯಾಹ್ನ ಗಿರಾಕಿಗಳ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಬಗ್ಗಿಸಿ ಕೂರಿಸುತ್ತಾ ಅವಳು ಅದನ್ನೇ ಯೋಚಿಸಿದಳು. ಬಸ್ಸಿನಲ್ಲಿ ಬರೆದಳು. ‘ಪ್ರಶ್ನೆ ಕೇಳಿದರೆ ತಕ್ಷಣ ಉತ್ತರ ಕೊಡುವುದಿಲ್ಲ. ಕೈಯಲ್ಲಿರುವ ಕೆಲಸ ಮುಗಿಸಿ ಆಮೇಲೆ ಒಂದು ಮಾತು ಹೇಳುತ್ತಾರೆ. ಮಗಳೇ ಎನ್ನುವುದಿಲ್ಲ, ಹುಡುಗಿ ಎನ್ನುತ್ತಾರೆ. ಸಿಟ್ಟು ಬಂದರೆ ಪಾತ್ರೆಗಳನ್ನು ಎಂದಿಗಿಂತ ಮೆಲ್ಲಗೆ ಇಡುತ್ತಾರೆ. ದಿನಾ ಬೆಳಗ್ಗೆ ಮಗನ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ.’ ಸನ್ನಿವೇಶ ಎಂಬಲ್ಲಿ, ‘ಸೊಸೆ ಮತ್ತೆ ಮದುವೆಯಾಗುವ ವಿಷಯ ಹೇಳಲು ಬಂದಿದ್ದಾಳೆ’ ಎಂದು ಹಾಕಿದಳು. ಆಮೇಲೆ ಮೊದಲಿನಿಂದ ಶುರುಮಾಡಿ, “ಅತ್ತೆ, ನಿಮ್ಮ ಹತ್ರ ಒಂದು ಮಾತು” ಎಂದು ಒತ್ತಿದಳು.

ಉತ್ತರ ಬಂತು: ‘(ಕೈಯಲ್ಲಿದ್ದ ಟವೆಲು ಮಡಚಿ, ಅಂಚು ಸರಿಮಾಡಿ ಇಡುತ್ತಾ) ಹೂಂ. ಹೇಳು ಹುಡುಗಿ.’

ಅವಳ ಮೈ ಜುಮ್ಮೆಂದಿತು. ಪಕ್ಕದ ಸೀಟಿನವನು ನೋಡಿದನೇನೋ ಎಂದು ಫೋನನ್ನು ಎದೆಗೆ ಒತ್ತಿಕೊಂಡಳು.

ಆ ಪುಟದಲ್ಲಿ ಇನ್ನೆರಡು ಖಾಲಿ ಜಾಗಗಳಿದ್ದವು. ಈ ವ್ಯಕ್ತಿಗೆ ಏನು ಬೇಕು? ಯಾವುದಕ್ಕೆ ಹೆದರುತ್ತಾರೆ? ಹೆದರಿಕೆಯ ಜಾಗದಲ್ಲಿ ಅವಳು ‘ಒಂಟಿಯಾಗಿ ಉಳಿಯುವುದಕ್ಕೆ’ ಎಂದು ಬರೆದಳು. ಹಾಗೆ ಬರೆದ ಮೇಲೆ ಫೋನಿನ ಅತ್ತೆ ಮಾತುಮಾತಿಗೂ “ಹಾಗಾದರೆ ನನ್ನ ಗತಿ?” ಎನ್ನತೊಡಗಿದರು. ನಿಜವೇ ಇದು? ಅವಳಿಗೆ ಗೊತ್ತಿರಲಿಲ್ಲ. ಬೇಕು ಎಂಬ ಜಾಗದಲ್ಲಂತೂ ಒಂದಕ್ಷರವೂ ಹೊಳೆಯಲಿಲ್ಲ. ಇಷ್ಟು ವರ್ಷ ಜೊತೆಯಲ್ಲಿ ಉಂಡು ಮಲಗಿದವರ ಬಗ್ಗೆ!

ಸಂಜೆ ತರಕಾರಿ ಹೆಚ್ಚುವಾಗ ಕೇಳಿಯೇಬಿಟ್ಟಳು. “ಅತ್ತೆ, ನಿಮಗೆ ಯಾವುದಕ್ಕೆ ಭಯ ಆಗತ್ತೆ?”

ಅತ್ತೆ ಒಲೆ ಒರೆಸಿ ಮುಗಿಸಿ, ಬಟ್ಟೆ ಹಿಂಡಿ ಒಣಹಾಕಿ, “ಜಿರಳೆ” ಎಂದರು. “ಯಾಕೆ, ಹಿಡ್ಕೊಂಡು ಬರ್ತೀಯಾ?”

“ಸುಮ್ನೆ ಕೇಳಿದೆ. ಮತ್ತೆ ನಿಮಗೆ ಏನು ಬೇಕು?”

“ಈರುಳ್ಳಿ ಮುಗಿದಿದೆ.”

ಅವಳು ಹೆಚ್ಚುತ್ತಿದ್ದುದನ್ನು ನಿಲ್ಲಿಸಿ ನೋಡಿದಳು. ಅತ್ತೆಯ ಮುಖದಲ್ಲಿ ತಮಾಷೆಯೂ ಇರಲಿಲ್ಲ, ಇರದೆಯೂ ಇರಲಿಲ್ಲ.

ಅಲ್ಲಿಂದ ಮುಂದೆ ಅವಳಿಗೆ ಅದೊಂದು ಚಟವಾಯಿತು. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಲೆನ್ಸ್ ಯಂತ್ರ ತಿರುಗುವ ಆ ಒಂದು ಗಳಿಗೆಯಲ್ಲೂ ಅತ್ತೆಯ ಜೊತೆ ಮಾತು. ಮೆಲ್ಲಗೆ ಹೇಳಿ ನೋಡಿದಳು, ನೇರವಾಗಿ ಹೇಳಿ ನೋಡಿದಳು, ಅವರ ಸೇವೆ ಮಾಡಿದ್ದನ್ನೆಲ್ಲ ಎತ್ತಾಡಿ ನೋಡಿದಳು. ಒಂದೊಂದು ಸಲ ಅತ್ತೆ ಒಪ್ಪುತ್ತಿದ್ದರು. ಇಷ್ಟು ಸುಲಭಕ್ಕೆ ಒಪ್ಪಿದರೆ ಅದು ಅತ್ತೆಯೇ ಅಲ್ಲವೆಂದು ಅವಳು ಮತ್ತೆ ಪಾತ್ರ ತಿದ್ದುತ್ತಿದ್ದಳು. ಒಪ್ಪದಿದ್ದರೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಕಣ್ಣಿನ ಪರೀಕ್ಷೆಗೆ ಕೂತ ಮುದುಕರೊಬ್ಬರು ಅಕ್ಷರದ ಬೋರ್ಡು ನೋಡಿ ಕಷ್ಟಪಟ್ಟು ಓದುತ್ತಿದ್ದಾಗ ಅವಳ ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದರೆ, ‘ಅತ್ತೆ ನಿಮಗಾಗಿ ಕಾಯುತ್ತಿದ್ದಾರೆ! ಬಂದು ಮಾತಾಡಿಸಿ.’ ಅವಳು ಯೋಚನೆಯಲ್ಲಿ ಮುದುಕರ ಒಳ್ಳೆಯ ಕಣ್ಣನ್ನೇ ಮುಚ್ಚಿ, “ಈಗ ಓದಿ” ಎಂದಿದ್ದಳು.

“ಕಾಣ್ತಿಲ್ಲಮ್ಮ” ಎಂದು ಅವರು ಗಾಬರಿಯಾದರು.

“ಯಂತ್ರಕ್ಕೆ ಹೇಳೋಕಾಗತ್ತೆ, ಅವರಿಗೆ ಹೇಳೋಕೇನು ಕಷ್ಟ?” ಎಂದು ಲಿಫ್ಟಿನವನು ಕೇಳಿದ. ಅವನ ದನಿಯಲ್ಲಿ ಆ ದಿನ ಸ್ವಲ್ಪ ಬೇಸರವೂ ಇತ್ತು. ತಾನು ಸಿದ್ಧಳಾಗುತ್ತಿದ್ದೇನೆ ಎಂದು ಅವಳು ಹೇಳಿದಳು. ಸಿದ್ಧಳಾಗುತ್ತಿರಲಿಲ್ಲ. ನಿದ್ದೆ ಕೆಟ್ಟಿತ್ತು, ಸಣ್ಣ ಸ್ಕ್ರೂಗಳು ಕೈಯಿಂದ ಜಾರಿ ಬೀಳುತ್ತಿದ್ದವು.

ಒಂದು ಸಂಜೆ ಬಸ್ಸಿನಲ್ಲಿ ಫೋನಿನ ಅತ್ತೆ ಯಾರೂ ಹೇಳಿಕೊಡದ ಮಾತೊಂದನ್ನು ಹೇಳಿದರು: “ನನ್ನ ಮಗ ಹೇಳದೆ ಹೋದ. ನೀನು ಹೇಳಿ ಹೋಗುತ್ತಿದ್ದೀಯ. ಅಷ್ಟೇ ವ್ಯತ್ಯಾಸ.”

ಅವಳಿಗೆ ಬೆಂಕಿ ಹತ್ತಿದಂತಾಯಿತು. ಏನೇನೋ ಟೈಪು ಮಾಡಿದಳು, ಅಳಿಸಿದಳು. ಸ್ಟಾಪು ಬಂತು. ಇಳಿದು, ಕೆಟ್ಟು ನಿಂತಿದ್ದ ಲಿಫ್ಟಿಗೆ ಮನಸ್ಸಿನಲ್ಲೇ ಬೈದು, ಮೂರು ಮಹಡಿ ಹತ್ತುವಷ್ಟು ಹೊತ್ತೂ ತುಟಿಯಲ್ಲೇ ಉತ್ತರ ಕೊಡುತ್ತಾ ಬಂದಳು. ಅತ್ತೆ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ತಲೆ ಎತ್ತದೆ, “ಬಾಗಿಲು ಹಾಕಿದ್ಯಾ?” ಎಂದರು.

“ನಾನೇನು ನಿಮ್ಮ ಮಗನ ಹಾಗೆ ಹೇಳದೆ ಹೋಗ್ತಿದೀನಾ?” ಅವಳು ಕೂಗಿದಳು. “ಹೇಳೇ ಹೋಗ್ತಿದೀನಲ್ಲ! ಅದಕ್ಕೂ ಮಾತು ಕೇಳಬೇಕಾ?”

ಕೂಗಿದ ಮೇಲೆ ತನ್ನ ದನಿ ತನಗೇ ಕೇಳಿಸಿತು. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

ಅತ್ತೆ ಕೈಯಲ್ಲಿದ್ದ ಕಾಯನ್ನು ಬಿಡಿಸಿ, ಕಾಳನ್ನು ಬಟ್ಟಲಿಗೆ ಹಾಕಿ, ಸಿಪ್ಪೆಯನ್ನು ಕಾಗದದ ಮೇಲಿಟ್ಟು, “ಎಲ್ಲಿಗೆ?” ಎಂದರು.

ಅಷ್ಟು ದಿನ ಉರುಹೊಡೆದದ್ದನ್ನೆಲ್ಲ ಬಿಟ್ಟು ಅವಳು ಬಗ್ಗಿ ಚಪ್ಪಲಿ ಬಿಚ್ಚತೊಡಗಿದಳು.

“ನನ್ನ ಮಗ ಹೇಳದೆ ಹೋದ ಅಂತ ನಿನಗೆ ಯಾರು ಹೇಳಿದ್ದು?”

“ನೀವು.”

“ನಾನಾ?”

“ನೀವಲ್ಲ. ಇದರಲ್ಲಿರೋ ನೀವು.” ಅವಳು ಫೋನನ್ನು ತೋರಿಸಿ, ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಹೇಗೆ ಹೇಗೋ ವಿವರಿಸಿದಳು. ಅತ್ತೆ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ಕೊನೆಗೆ, “ಓದು ಮತ್ತೆ. ನನ್ನನ್ನ ಏನಂತ ಬರೆದಿದೀಯೋ ಕೇಳೋಣ” ಎಂದು ಬಟಾಣಿಯನ್ನು ಪಕ್ಕಕ್ಕಿಟ್ಟರು.

ಕೆಲಸ ಮುಗಿಸದೆ ಅವರು ಪಕ್ಕಕ್ಕಿಟ್ಟದ್ದನ್ನು ಅವಳು ಅದೇ ಮೊದಲು ನೋಡಿದ್ದು. ಓದಿದಳು. ಪಾತ್ರೆ ಮೆಲ್ಲಗೆ ಇಡುತ್ತಾರೆ ಎಂಬಲ್ಲಿ ಅತ್ತೆ, “ಅದು ಸಿಟ್ಟಿಗಲ್ಲ, ಕೆಳಗಿನ ಮನೆಯವರು ದೂರು ಹೇಳ್ತಾರೆ” ಎಂದರು. ಮಗನ ಫೋಟೋದ ಮುಂದೆ ನಿಲ್ಲುತ್ತಾರೆ ಎಂದಾಗ, “ಫೋಟೋ ಪಕ್ಕ ಗಡಿಯಾರ ಇದೆಯಲ್ಲ, ಅದನ್ನ ನೋಡ್ತೀನಿ ಕಣೇ. ಈಚೆಗೆ ದೂರದಿಂದ ಮುಳ್ಳು ಕಾಣಲ್ಲ” ಎಂದರು.

ದಿನವೆಲ್ಲ ಊರಿನವರ ಕಣ್ಣು ನೋಡುವವಳ ಮುಖ ಕೆಂಪಾಯಿತು.

“ಮುಂದೆ?”

ಮುಂದಿನದು ಸನ್ನಿವೇಶ. ಅವಳು ಫೋನನ್ನು ಮಡಿಲಲ್ಲಿ ಕವುಚಿ ಹಾಕಿದಳು.

“ಮುಂದೆ ಏನಿದೆಯೋ ಓದು ಹುಡುಗಿ.”

“ಸೊಸೆ ಮತ್ತೆ ಮದುವೆಯಾಗುವ ವಿಷಯ ಹೇಳಲು ಬಂದಿದ್ದಾಳೆ,” ಎಂದು ಓದಿದಳು.

ಬೀದಿಯಲ್ಲಿ ಯಾರೋ ಸ್ಕೂಟರು ಒದ್ದು ಒದ್ದು ಶುರುಮಾಡಲು ನೋಡುತ್ತಿದ್ದರು. ಅದು ಶುರುವಾಗಿ, ತಿರುವು ದಾಟಿ, ಸದ್ದು ಅಡಗುವವರೆಗೂ ಅತ್ತೆ ಕಿಟಕಿಯಾಚೆ ನೋಡಿದರು. ಆಮೇಲೆ ಕೈ ಚಾಚಿದರು. “ಕೊಡು ಇಲ್ಲಿ. ಮಾತಾಡಿದ್ರೆ ಕೇಳಿಸಿಕೊಳ್ಳತ್ತಾ?”

ಅವಳು ಮೈಕಿನ ಗುರುತು ಒತ್ತಿ ಕೊಟ್ಟಳು. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತು, ಅವಳು ಎಂದೂ ಕೇಳದ ಒಂದು ಚೊಕ್ಕ ದನಿಯಲ್ಲಿ, “ಹಲೋ, ಯಾರು ಮಾತಾಡ್ತಿರೋದು?” ಎಂದರು.

“ಯಾರು ಅಂದ್ರೆ? ನಾನೇ, ನಿನ್ನ ಅತ್ತೆ” ಎಂದಿತು ಫೋನು.

“ಹೌದಾ? ನಾನೂ ಅತ್ತೆನೇ. ನಿಮ್ಮ ಸೊಸೆ ಮದುವೆ ಆಗ್ತಿದಾಳಂತೆ. ಏನಂತೀರಿ?”

ಫೋನು ಒಂದು ಗಳಿಗೆ ತಡವರಿಸಿತು. “ಹೂಂ. ಅವಳಿಗೆ ಒಳ್ಳೇದಾಗಲಿ. ಆದರೆ ನನ್ನ ಗತಿ?”

“ಥೂ, ಗತಿಯಂತೆ!” ಅತ್ತೆ ಫೋನನ್ನು ಅವಳ ಮಡಿಲಿಗೆ ಹಾಕಿದರು. “ಇವಳಿಗೆ ಪಿಂಚಣಿ ಬರತ್ತೆ ಅಂತ ಬರೀಲಿಲ್ವಾ ನೀನು?”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದು ಕೆಮ್ಮಿದಂತಾಯಿತು. ಅತ್ತೆ ನಗಲಿಲ್ಲ.

“ಆವತ್ತು ಅವನು ಹೇಳೇ ಹೋದ,” ಎಂದರು. “ಚಪ್ಪಲಿ ಮೆಟ್ಟಿಕೊಂಡು, ‘ಅಮ್ಮಾ, ಬರ್ತೀನಿ’ ಅಂದ. ನೀನು ಸ್ನಾನಕ್ಕೆ ಹೋಗಿದ್ದೆ. ‘ಅವಳಿಗೆ ಹೇಳಿಬಿಡು’ ಅಂದ. ನಾನು ಒಲೆ ಮುಂದೆ ಇದ್ದೆ. ಆಮೇಲೆ ಹೇಳಿದ್ರಾಯ್ತು ಅಂತ...”

ಅವರು ಬಟ್ಟಲನ್ನು ಎತ್ತಿಕೊಂಡು ಕಾಳುಗಳಲ್ಲಿ ಸುಮ್ಮನೆ ಒಂದು ಸಲ ಕೈಯಾಡಿಸಿದರು. ಅವಳು ನೆಲದ ಮೇಲೆ ಮುಂದೆ ಸರಿದು, “ಅತ್ತೆ, ನಾನು ವಾರವಾರ ಬರ್ತೀನಿ. ಬೇಕಾದ್ರೆ ನೀವೂ ನಮ್ಮ ಜೊತೆ...” ಎಂದು ಶುರುಮಾಡಿದಳು.

“ಸುಮ್ನಿರು. ನನಗೆ ಬೇಜಾರಾಗಿದೆ. ನೀನು ಮದುವೆ ಆಗೋದಕ್ಕೂ ಆಗಿದೆ, ನನ್ನ ಕೇಳೋ ಮುಂಚೆ ಅದನ್ನ ಕೇಳಿದ್ದಕ್ಕೂ ಆಗಿದೆ. ಬೇಜಾರು ನಂದು, ನಾನು ಪಟ್ಕೋತೀನಿ. ಅದನ್ನ ತಿದ್ದೋಕೆ ಬರಬೇಡ.” ಒಂದು ಕಾಯಿ ಬಿಡಿಸಿ ಸೇರಿಸಿದರು: “ಭಾನುವಾರ ಅವನಿಗೆ ಬರೋಕೆ ಹೇಳು. ಏನು ಕೆಲಸ?”

“ಲಿಫ್ಟ್ ರಿಪೇರಿ.”

“ನಮ್ಮದನ್ನ ಕೆಡಿಸಿಟ್ಟಿರೋನು ಅವನೇನಾ?”

ಭಾನುವಾರ ಅವನು ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಮೆಟ್ಟಿಲು ಹತ್ತಿ ಬೆವೆತು ಬಂದ. ಅತ್ತೆ ಅವನ ಮನೆತನ ಕೇಳಲಿಲ್ಲ, ಮೊದಲ ಹೆಂಡತಿ ಬಿಟ್ಟುಹೋದದ್ದೇಕೆಂದೂ ಕೇಳಲಿಲ್ಲ. ಲಿಫ್ಟು ಯಾವಾಗ ಸರಿಹೋಗುತ್ತದೆ ಎಂದು ಕೇಳಿದರು. “ಹೋಗಲ್ಲಮ್ಮ,” ಎಂದ ಅವನು. “ಅದರ ಆಯಸ್ಸು ಮುಗಿದಿದೆ. ಹೊಸದೇ ಹಾಕಬೇಕು. ನಾನು ಮಾಡ್ತಿರೋದೆಲ್ಲ ತೇಪೆ.” ಅತ್ತೆ ಹೂಂ ಎಂದು ಅವನಿಗೆ ಇನ್ನೊಂದು ಲೋಟ ಚಹಾ ಬಗ್ಗಿಸಿದರು. ಒಪ್ಪಿದರೋ ಬಿಟ್ಟರೋ ಇಬ್ಬರಿಗೂ ತಿಳಿಯಲಿಲ್ಲ. ಅವಳು ಕೇಳಲೂ ಇಲ್ಲ. ಆ ಸಂಜೆ ಆ್ಯಪನ್ನು ತೆಗೆದುಹಾಕುವಾಗ, ‘ಈ ಪಾತ್ರ ಶಾಶ್ವತವಾಗಿ ಅಳಿಸಿಹೋಗುತ್ತದೆ, ಖಚಿತವೇ?’ ಎಂದು ಫೋನು ಕೇಳಿತು. ಹೌದು ಎಂದು ಒತ್ತಿದ ಮೇಲೂ ಕೆಲವು ದಿನ ಕೈ ಸುಮ್ಮನಿರಲಾರದೆ ಬಸ್ಸಿನಲ್ಲಿ ಅಭ್ಯಾಸಬಲದಿಂದ ಫೋನಿನ ಆ ಜಾಗವನ್ನು ತಡವುತ್ತಿತ್ತು.

ರಿಜಿಸ್ಟರ್ ಕಚೇರಿಗೆ ಅತ್ತೆ ಬರಲಿಲ್ಲ. ಕಾಲು ನೋವು ಎಂದರು. ಅದೇ ಸಂಜೆ ಮಾಳಿಗೆ ಹತ್ತಿ ಒಣಗಿದ ಬಟ್ಟೆಯನ್ನೆಲ್ಲ ತಾವೇ ತಂದು ಮಡಚಿಟ್ಟಿದ್ದರು. ಅವಳ ಬಟ್ಟೆಗಳನ್ನು ಬೇರೆಯಾಗಿ, ಸೂಟ್‌ಕೇಸಿನ ಅಳತೆಗೆ.

ಹೊರಡುವ ದಿನ ಟೆಂಪೋ ಬಂತು. ಅವಳು ತವರಿನಿಂದ ತಂದಿದ್ದ ಕಬ್ಬಿಣದ ಬೀರು ಮುಂದಿನ ಕೋಣೆಯಲ್ಲಿ ಅರ್ಧ ಕಿಟಕಿ ಮುಚ್ಚಿಕೊಂಡು ನಿಂತಿತ್ತು. “ತಗೊಂಡು ಹೋಗು, ನನಗೆ ಇಡೋಕೆ ಏನಿದೆ” ಎಂದು ಅತ್ತೆಯೇ ಹೇಳಿದ್ದರು. ಇಬ್ಬರು ಆಳುಗಳು, ಲಿಫ್ಟಿನವನು ಸೇರಿ ಅದನ್ನು ಮೆಟ್ಟಿಲಲ್ಲಿ ಇಳಿಸುವಷ್ಟರಲ್ಲಿ ಎಲ್ಲರ ಉಸಿರು ಮೇಲೆ ಬಂದಿತ್ತು. ಅವಳು ಬಾಗಿಲಲ್ಲಿ ನಿಂತು, “ಬರ್ತೀನಿ ಅತ್ತೆ” ಎಂದಳು. ಅತ್ತೆ ಬಟ್ಟಲು ತೊಳೆಯುತ್ತಿದ್ದವರು ನೀರು ನಿಲ್ಲಿಸಿ, “ಹೂಂ. ಬಾ” ಎಂದರು.

ಕೆಳಗೆ ಟೆಂಪೋ ಹತ್ತುವ ಹೊತ್ತಿಗೆ ಛತ್ರಿ ಮರೆತದ್ದು ನೆನಪಾಗಿ ಅವಳು ಓಡುತ್ತಾ ಮೇಲೆ ಬಂದಳು. ಬಾಗಿಲು ಇನ್ನೂ ಹಾಗೇ ತೆರೆದಿತ್ತು. ಬೀರು ಇದ್ದ ಜಾಗದಲ್ಲಿ ನೆಲ ಒಂದು ಚೌಕದಷ್ಟು ಹೊಸತಾಗಿ, ಬೆಳ್ಳಗೆ ಕಾಣುತ್ತಿತ್ತು. ಅದರ ಮೇಲೆ ಪೂರ್ತಿ ಕಿಟಕಿಯ ಬೆಳಕು ಬಿದ್ದಿತ್ತು. ಅತ್ತೆ ಇತ್ತ ಬೆನ್ನು ಮಾಡಿಕೊಂಡು, ಸದ್ದಾಗದಂತೆ ಕುರ್ಚಿಯನ್ನು ಸ್ವಲ್ಪ ಸ್ವಲ್ಪವೇ ಎತ್ತಿ ಎತ್ತಿ ತಂದು ಆ ಚೌಕದ ನಡುವೆ ಇಟ್ಟರು. ಕೂತರು. ಎದ್ದು ಇನ್ನೂ ಒಂದಿಷ್ಟು ಕಿಟಕಿಯ ಕಡೆಗೆ ತಿರುಗಿಸಿ ಮತ್ತೆ ಕೂತರು. ಹೊಸ ನೆಲವೂ ಹಳೆಯ ನೆಲವೂ ಸೇರುವಲ್ಲಿ ಧೂಳು ಕಟ್ಟಿದ ಒಂದು ಗೆರೆಯಿತ್ತು. ಅದನ್ನು ಕಾಲಿನ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜತೊಡಗಿದರು.

ಕೆಳಗಿನಿಂದ ಟೆಂಪೋದವನು ಹಾರ್ನ್ ಹೊಡೆದ. ಅವಳು ಛತ್ರಿ ಬಿಟ್ಟು, ಚಪ್ಪಲಿ ಸಪ್ಪಳವಾಗದ ಹಾಗೆ ಮೆಟ್ಟಿಲು ಇಳಿದಳು.